ಸಿಳ್ಳೆ ಹೊರಡದ ಬಾಯಿ

ಫೆಬ್ರವರಿ 4

ನನ್ನ ಹೆಂಡತಿಯ ತಮ್ಮನಾಗಿ ಹುಟ್ಟಿದ ಮಹಾನುಭಾವನಿಗೆ,

ಕ್ಷೇಮ ಕೇಳಲು ಬರೆಯುತ್ತಿಲ್ಲ. ನೀನು ಕ್ಷೇಮವಾಗಿಯೇ ಇರುತ್ತೀಯ, ನಿನ್ನಂಥವರಿಗೆ ಏನಾಗುತ್ತದೆ? ಫೋನಿನಲ್ಲಿ ಬೈಯೋಣವೆಂದರೆ ನನಗಿನ್ನೂ ಕಾವೇರುವ ಮೊದಲೇ ಕಟ್ ಮಾಡುತ್ತೀಯ. ಕಾಗದದಲ್ಲಿ ಆ ಸೌಲಭ್ಯವಿಲ್ಲ. ಹರಿದೆಸೆಯಬೇಕೆಂದರೂ ಯಾರದೆಂದು ನೋಡಲು ಒಂದೆರಡು ಸಾಲು ಓದಲೇಬೇಕು.

ಇವತ್ತು ನಾನು ಏನು ಕೆಲಸ ಮಾಡಿದೆ ಗೊತ್ತೇ? ಸ್ಟೋರಿನ ಕಿಂಡಿಯ ಹಿಂದೆ ಸ್ಟೂಲ್ ಹಾಕಿಕೊಂಡು ಕೂತು ಹೆಲ್ಮೆಟ್ಟು, ಕೈಗವಸು ಹಂಚಿದೆ. ಯಾರ್ಡಿನ ದೊಡ್ಡ ಕ್ರೇನನ್ನು ಇಷ್ಟು ವರ್ಷ ನಡೆಸಿದವನು, ಕಬ್ಬಿಣದ ತೊಲೆಗಳನ್ನು ಲಾರಿಯ ಮೇಲೆ ಸದ್ದಾಗದಂತೆ ಇಳಿಸಿದವನು, ಈಗ ಬಂದವರಿಗೆಲ್ಲ "ದೊಡ್ಡ ಸೈಜೋ, ಸಣ್ಣ ಸೈಜೋ" ಎಂದು ಕೇಳುತ್ತ ಕೂತಿದ್ದೇನೆ. ಮೊನ್ನೆ ಕೆಲಸಕ್ಕೆ ಸೇರಿದ ವೆಲ್ಡರ್ ಒಬ್ಬ, "ಅಣ್ಣಾ, ಕಿಂಡೀಲಿ ಕೂತ್ರೆ ನಿದ್ದೆ ಬರಲ್ವಾ?" ಎಂದು ಕೇಳಿ ಹೋದ. ಹಿಂದೆ ನಿಂತಿದ್ದವರೆಲ್ಲ ಹಲ್ಲು ಕಿರಿದರು. ಆ ನಗುವಿನ ಪುಣ್ಯವೆಲ್ಲ ನಿನಗೇ ಸೇರಬೇಕು.

ನಿನ್ನನ್ನು ಈ ಯಾರ್ಡಿಗೆ ಸೇರಿಸಿದ್ದು ನಾನು. ಕ್ರೇನಿನ ಕೆಳಗೆ ನಿಂತು ಮೇಲೆ ಕೂತವನಿಗೆ ಕೈಸನ್ನೆ ಮಾಡುವುದನ್ನು ಕಲಿಸಿದ್ದು ನಾನು. ಉಳಿದವರೆಲ್ಲ ಪೀಪಿ ಊದಿಕೊಂಡಿರುವಾಗ, ಎರಡು ಬೆರಳು ನಾಲಿಗೆಯ ಕೆಳಗಿಟ್ಟು ಇಡೀ ಯಾರ್ಡು ತಿರುಗಿ ನೋಡುವಂತೆ ಸಿಳ್ಳೆ ಹೊಡೆಯುವುದನ್ನು ಕಲಿಸಿದ್ದೂ ನಾನೇ. ಅದರಿಂದಲೇ ನಿನಗೆ ‘ಸಿಳ್ಳೆ’ ಎಂಬ ಹೆಸರು ಬಂತು. ಅಂಥ ನೀನು, ನನ್ನ ಕಣ್ಣು ಒಂದು ಕ್ಷಣ ಮುಚ್ಚಿದ್ದನ್ನೇ ಹಿಡಿದುಕೊಂಡು ಸೇಫ್ಟಿ ಆಫೀಸರ್ ಹತ್ತಿರ ಓಡಿದೆ. ಆಮೇಲೆ ಬೇರೆ ಯಾರ್ಡಿಗೆ ವರ್ಗ ಮಾಡಿಸಿಕೊಂಡು ಜಾಗ ಖಾಲಿ ಮಾಡಿದೆ.

ನನ್ನನ್ನು ಆಸ್ಪತ್ರೆಗೆ ಕಳಿಸಿದರು. ತಲೆಗೆ, ಎದೆಗೆ ವಯರು ಅಂಟಿಸಿ ಮಲಗಿಸಿದರು. ನಿದ್ದೆಯಲ್ಲಿ ನನ್ನ ಉಸಿರು ನಿಂತು ನಿಂತು ಹೊರಡುತ್ತದಂತೆ, ಅದಕ್ಕೇ ಹಗಲಲ್ಲಿ ತೂಕಡಿಕೆಯಂತೆ. ಮೂಗಿಗೆ ಮಾಸ್ಕ್ ಕಟ್ಟಿ ಗಾಳಿ ತಳ್ಳುವ ಒಂದು ಮಷೀನು ಕೊಟ್ಟಿದ್ದಾರೆ. ಅದನ್ನು ದಿನಾ ಹಾಕಿಕೊಂಡು ಮಲಗಿದೆನೋ ಇಲ್ಲವೋ ಎಂದು ಮಷೀನೇ ಚಾಡಿ ಹೇಳುತ್ತದೆ. ನಿಮ್ಮ ವಂಶದ್ದೇ ಇರಬೇಕು.

ಡಾಕ್ಟರಮ್ಮ ಸರಿ ಅನ್ನಬೇಕು. ಆಮೇಲೆ ದೂರು ಕೊಟ್ಟವನೇ ಬಂದು ಕೆಳಗೆ ನಿಂತು, ನಾನು ಒಂದು ಲೋಡು ಎತ್ತಿ ಇಳಿಸುವುದನ್ನು ನೋಡಿ ಒಪ್ಪಬೇಕು, ಅದಕ್ಕೆ ಟ್ರಯಲ್ ಎಂದು ಹೆಸರು. ಆಗ ಮಾತ್ರ ನನಗೆ ಮತ್ತೆ ಮೇಲೆ ಹತ್ತಲು ಬಿಡುತ್ತಾರಂತೆ. ಅಂದರೆ ನನ್ನ ಕುರ್ಚಿ ಈಗ ನಿನ್ನ ಕೈಯಲ್ಲಿದೆ. ಖುಷಿಯಾಯಿತೇ?

ನಿನ್ನ ಅಕ್ಕ ಯಾರ ಪಕ್ಷ ಎಂದು ಕೇಳಬೇಡ. ಊಟ ಬಡಿಸುವಾಗ ಪಾತ್ರೆ ಕುಕ್ಕುವ ಸದ್ದಿನಲ್ಲೇ ಗೊತ್ತಾಗುತ್ತದೆ, ಅವಳು ಯಾರ ಪಕ್ಷವೂ ಅಲ್ಲ.

ಇನ್ನೂ ನಿನ್ನ ಭಾವನೇ ಆಗಿರಬೇಕಾದ,
ನಾನು

ಫೆಬ್ರವರಿ 12

ಭಾವನವರಿಗೆ ನಮಸ್ಕಾರ.

ಕಾಗದ ಪೂರ್ತಿ ಓದಿದೆ. ಹರಿಯಲಿಲ್ಲ.

‘ಕಣ್ಣು ಒಂದು ಕ್ಷಣ ಮುಚ್ಚಿತು’ ಎಂದು ಬರೆದಿದ್ದೀರಿ. ನೀವು ಮೇಲಿದ್ದಿರಿ, ನಾನು ಕೆಳಗಿದ್ದೆ. ಆದ್ದರಿಂದ ಕೆಳಗಿನಿಂದ ಕಂಡದ್ದನ್ನು ಬರೆಯುತ್ತೇನೆ. ಎರಡು ತೊಲೆ ರಾಶಿಗಳ ನಡುವಿನ ಸಂದಿಯಲ್ಲಿ ಲೋಡು ಇಳಿಯಬೇಕಿತ್ತು. ಅದರ ಅಡಿಗೆ ಇಡುವ ಮರದ ತುಂಡು ವಾರೆಯಾಗಿತ್ತು. ದಿನಾ ಮಾಡುವಂತೆ ಮುಷ್ಟಿ ಎತ್ತಿ ‘ನಿಲ್ಲಿಸಿ’ ಎಂದು ತೋರಿಸಿದೆ. ನೀವು ನಿಲ್ಲಿಸಿದಿರಿ. ನಾನು ಸಂದಿಗೆ ನುಗ್ಗಿ ಮರ ಸರಿ ಮಾಡಲು ಬಗ್ಗಿದೆ. ಆಗ ಲೋಡು ಮತ್ತೆ ಇಳಿಯತೊಡಗಿತು. ನಾನು ಇಳಿಸಿ ಎಂದಿರಲಿಲ್ಲ.

ತಲೆ ಎತ್ತಿ ನೋಡಿದರೆ ಕ್ಯಾಬಿನ್ನಿನ ಗಾಜಿಗೆ ನಿಮ್ಮ ಹಣೆ ಆನಿಕೊಂಡಿತ್ತು. ಬಾಯಿ ಪೂರ್ತಿ ತೆರೆದಿತ್ತು. ನಿಮ್ಮ ಕೈಯ ಭಾರವೆಲ್ಲ ಲಿವರ್ ಮೇಲೆ ಬಿದ್ದಿತ್ತು. ಎಚ್ಚರ ಇರುವವರ ಬಾಯಿ ಹಾಗೆ ತೆರೆದಿರುವುದಿಲ್ಲ. ತಲೆ ಜಾರಿ ಕಿಟಕಿಯ ಸರಳಿಗೆ ಬಡಿದ ಮೇಲೆ ನಿಮಗೆ ಎಚ್ಚರವಾಯಿತು. ಅಷ್ಟು ಹೊತ್ತಿಗೆ ತೊಲೆಗಳು ನನ್ನ ಹೆಲ್ಮೆಟ್ಟಿಗೆ ತಾಗುತ್ತಿದ್ದವು.

ಕೆಳಗಿಳಿದು ಬಂದು ನೀವು ಹೇಳಿದ ಮೊದಲ ಮಾತು ನೆನಪಿದೆಯೇ? "ಸಂದಿಗೆ ಯಾಕೋ ನುಗ್ಗಿದೆ, ಕತ್ತೆ?"

ಆಫೀಸರ್ ಹತ್ತಿರ ಹೋದದ್ದಕ್ಕೆ ನನಗೆ ಪಶ್ಚಾತ್ತಾಪವಿಲ್ಲ. ಕೇಳಿದರೆ ಮತ್ತೆ ಹೋಗುತ್ತೇನೆ. ಅಲ್ಲಿ ಎಲ್ಲರೂ ನನ್ನನ್ನು ಚಾಡಿಕೋರ ಎಂದು ಕರೆದು ಊಟಕ್ಕೆ ಪಕ್ಕದಲ್ಲಿ ಕೂರಿಸಿಕೊಳ್ಳಲಿಲ್ಲ. ಅದಕ್ಕೇ ವರ್ಗ ಕೇಳಿದೆ. ಓಡಿ ಬಂದಿಲ್ಲ.

ಮಷೀನು ಹಾಕಿಕೊಳ್ಳಿ.

ಇಂತಿ,
ಕೆಳಗೆ ನಿಂತಿದ್ದವನು

ಫೆಬ್ರವರಿ 20

ಕೆಳಗೆ ನಿಂತಿದ್ದವನಿಗೆ,

‘ಮಷೀನು ಹಾಕಿಕೊಳ್ಳಿ’ ಎಂದು ಎರಡು ಪದದಲ್ಲಿ ಬರೆದು ಕೈತೊಳೆದುಕೊಂಡೆ. ಹಾಕಿಕೊಂಡವನ ಪಾಡೇನೆಂದು ನಿನಗೆ ಗೊತ್ತೇ?

ಬೆಳಿಗ್ಗೆ ಎದ್ದರೆ ನಾಲಿಗೆ ಅಂಗುಳಿಗೆ ಅಂಟಿಕೊಂಡಿರುತ್ತದೆ. ಬಾಯಿಯೊಳಗೆ ಯಾರೋ ಸುಣ್ಣ ಬಳಿದು ಹೋದಂತೆ. ಎಂಜಲು ನುಂಗೋಣವೆಂದರೆ ಎಂಜಲೇ ಇಲ್ಲ. ತುಟಿಯ ಮೂಲೆಗಳು ಒಡೆದು, ಆಕಳಿಸಿದರೆ ರಕ್ತ ಜಿನುಗುತ್ತದೆ. ನಿನ್ನೆ ನಿನ್ನ ಅಕ್ಕನನ್ನು ಕೂಗಬೇಕಿತ್ತು. ಬಾಯಿಂದ ಕಾಗೆಯ ಸದ್ದು ಹೊರಟಿತು. ಅವಳು ಅಡುಗೆಮನೆಯಿಂದ "ಹೊರಗೆ ಓಡ್ಸಿ ಅದನ್ನ" ಎಂದಳು.

ಆಗುವುದು ಇಷ್ಟು. ಮಷೀನು ಮೂಗಿನಲ್ಲಿ ಗಾಳಿ ತಳ್ಳುತ್ತದೆ, ನನಗೆ ನಿದ್ದೆ ಹತ್ತಿದ ಕೂಡಲೇ ಬಾಯಿ ತೆರೆದುಕೊಳ್ಳುತ್ತದೆ, ತಳ್ಳಿದ ಗಾಳಿಯೆಲ್ಲ ಬಾಯಿಂದ ಬುಸ್ಸೆಂದು ಹೊರಟುಹೋಗುತ್ತದೆ. ಪಂಕ್ಚರ್ ಆದ ಚಕ್ರಕ್ಕೆ ಹವಾ ಹೊಡೆದಂತೆ. ಗಂಟಲೆಲ್ಲ ಒಣಗಿ ಕೆಮ್ಮು ಬಂದು ಎಚ್ಚರವಾಗುತ್ತದೆ, ನಾನು ಮಾಸ್ಕ್ ಕಿತ್ತೆಸೆದು ಮಗ್ಗುಲು ಬದಲಿಸುತ್ತೇನೆ. ಆ ಚಾಡಿಕೋರ ಮಷೀನು ಅದನ್ನೂ ಬರೆದುಕೊಂಡಿರುತ್ತದೆ. ಹೀಗಾದರೆ ಡಾಕ್ಟರಮ್ಮ ಯಾವ ಜನ್ಮದಲ್ಲಿ ಸರಿ ಅನ್ನುತ್ತಾಳೆ?

ಮಷೀನನ್ನು ನಾನು ಸರಿಯಾಗಿ ಇಟ್ಟುಕೊಂಡಿಲ್ಲವೆಂದು ಮಾತ್ರ ಅನ್ನಬೇಡ. ಗಾಳಿಯಿಂದ ನಡೆಯುವ ಯಂತ್ರವನ್ನು ಹೇಗಿಡಬೇಕೆಂದು ನನಗೆ ಹೇಳಿಕೊಡುವವನು ಇನ್ನೂ ಹುಟ್ಟಿಲ್ಲ. ದಿನಾ ಬೆಳಿಗ್ಗೆ ಕೊಳವೆ ಕಳಚಿ, ಕೊಡವಿ, ಬಟ್ಟೆಯಿಂದ ಒರೆಸಿ, ಒಳಗೆ ಒಂದು ಹನಿಯೂ ನಿಲ್ಲದಂತೆ ಇಟ್ಟಿದ್ದೇನೆ.

ಈಗ ನನ್ನ ಪ್ರಶ್ನೆಗೆ ಉತ್ತರ ಕೊಡು. ನನಗೆ ನಿದ್ದೆ ಬಂದಿತ್ತು ಎಂದೇ ಇಟ್ಟುಕೊಳ್ಳೋಣ. ನಿನ್ನ ಸಿಳ್ಳೆ ಎಲ್ಲಿ ಹೋಗಿತ್ತು? ನೀನು ಸಿಳ್ಳೆ ಹೊಡೆದರೆ ಗೇಟಿನಾಚೆಯ ನಾಯಿ ಎದ್ದು ಕೂರುತ್ತದೆ, ನನಗೆ ಎಚ್ಚರವಾಗುತ್ತಿರಲಿಲ್ಲವೇ? ಆವತ್ತು ಯಾರ್ಡಿನಲ್ಲಿ ಇದ್ದ ಪ್ರತಿಯೊಬ್ಬನನ್ನೂ ಕೇಳಿದ್ದೇನೆ. ಒಬ್ಬನೂ ಸಿಳ್ಳೆ ಕೇಳಿಲ್ಲ. ನೀನು ಹೊಡೆಯಲೇ ಇಲ್ಲ. ನಾನು ತಪ್ಪು ಮಾಡಲಿ ಎಂದು ಕಾದು ನಿಂತಿದ್ದೆ. ನನ್ನ ಕುರ್ಚಿಯ ಮೇಲೆ ನಿನಗೆ ಎಂದಿನಿಂದಲೋ ಕಣ್ಣಿತ್ತು.

ಉತ್ತರಕ್ಕೆ ಕಾಯುವ,
ಮೇಲೆ ಕೂತಿದ್ದವನು

ಮಾರ್ಚ್ 8

ತಮ್ಮಾ,

ನಿನ್ನ ಭಾವನ ಕಾಗದ ಅಂಚೆಗೆ ಹಾಕಿ, ನಿನ್ನದನ್ನು ತಂದುಕೊಟ್ಟು ನನಗೆ ಸಾಕಾಗಿದೆ. ಈ ಸಲ ಬರೆಯುವುದು ನನ್ನ ಸರದಿ.

ಇವತ್ತು ಬೆಳಿಗ್ಗೆ ಕಾಫಿ ಹಿಡಿದುಕೊಂಡು ರೂಮಿಗೆ ಹೋದರೆ ನಿನ್ನ ಭಾವ ಹೆಲ್ಮೆಟ್ ಹಾಕಿಕೊಂಡು ಮಲಗಿದ್ದಾರೆ. ಸುಳ್ಳಲ್ಲ. ಸ್ಟೋರಿನಿಂದ ಹೊಸದೊಂದು ತಂದು, ಅದರ ಪಟ್ಟಿಯನ್ನು ಗದ್ದಕ್ಕೆ ಬಿಗಿದುಕೊಂಡು, ಬಾಯಿ ತೆರೆಯಬಾರದೆಂದು ಹಾಗೇ ದಿಂಬಿಗೆ ಒರಗಿದ್ದಾರೆ. ಹೆಲ್ಮೆಟ್ ಜಾರಿ ಕಣ್ಣಿನ ಮೇಲೆ ಬಂದಿದೆ, ಮಾಸ್ಕ್ ಕೆನ್ನೆಗೆ ಸರಿದಿದೆ, ಗದ್ದದ ಕೆಳಗೆ ಕೆಂಪಗೆ ಬರೆ ಎದ್ದಿದೆ. ಇಷ್ಟಾದರೂ ತುಟಿ ಮಾತ್ರ ಪುಸ್ ಪುಸ್ ಅನ್ನುತ್ತಲೇ ಇದೆ. ನನಗೆ ನಗು ಬಂತು. ಆಮೇಲೆ ಅಳು ಬಂತು. ಎಬ್ಬಿಸಿದರೆ, "ಕ್ರೇನ್ ಹತ್ತೋನಿಗೆ ಹೆಲ್ಮೆಟ್ ಅಭ್ಯಾಸ ಇರ್ಬೇಕು ಕಣೇ" ಎಂದು ಆ ಕಾಗೆ ಕಂಠದಲ್ಲಿ ನನ್ನ ಮೇಲೇ ರೇಗಿದರು.

ಅದು ಆಗಲಿಲ್ಲವೆಂದು ಈಗ ಪೆಟ್ಟಿಗೆ ಕಟ್ಟುವ ಟೇಪ್ ಕೇಳುತ್ತಿದ್ದಾರೆ, ಬಾಯಿಗೆ ಅಂಟಿಸಿಕೊಳ್ಳಲು. ಇವರ ಮೂಗೋ, ಯಾರ್ಡಿನ ಧೂಳಿಗೆ ವರ್ಷವಿಡೀ ಕಟ್ಟಿರುತ್ತದೆ. ಬಾಯಿಯನ್ನೂ ಮುಚ್ಚಿದರೆ ಉಸಿರು ಎಲ್ಲಿಂದ ಬರಬೇಕು? ಟೇಪನ್ನು ಹಿಟ್ಟಿನ ಡಬ್ಬಿಯೊಳಗೆ ಬಚ್ಚಿಟ್ಟಿದ್ದೇನೆ. ಡಾಕ್ಟರಮ್ಮನನ್ನು ಕೇಳಿ ಅಂದರೆ, "ಅವಳ ಹತ್ರ ಹೋಗಿ ನನ್ ಕೈಲಿ ಆಗ್ತಿಲ್ಲ ಅಂತ ಹೇಳ್ಲಾ?" ಅನ್ನುತ್ತಾರೆ.

ನಿನ್ನ ಮೇಲೂ ನನಗೆ ಸಿಟ್ಟಿದೆ, ತಿಳಿದುಕೋ. ಆಫೀಸರ್ ಹತ್ತಿರ ಹೋಗುವ ಮೊದಲು ನನ್ನ ಹತ್ತಿರ ಬರಬೇಕಿತ್ತು. ನನ್ನ ಗಂಡ, ನನ್ನ ತಮ್ಮ. ಆವತ್ತು ಸಂಜೆ ಇಬ್ಬರಲ್ಲಿ ಒಬ್ಬರು ಮನೆಗೆ ಬರುತ್ತಿರಲಿಲ್ಲ ಎನ್ನುವುದನ್ನು ನಾನು ಬೇರೆಯವರ ಬಾಯಿಂದ ಕೇಳಬೇಕಾಯಿತು.

ಏನಾದರೂ ಮಾಡು. ಕಾಗದ ಬರೆಯುವುದನ್ನು ಬಿಟ್ಟು ಬೇರೆ ಏನಾದರೂ.

ಅಕ್ಕ

ಮಾರ್ಚ್ 17

ಭಾವನವರಿಗೆ ನಮಸ್ಕಾರ.

ಅಕ್ಕನ ಕಾಗದ ಬಂತು. ಹೆಲ್ಮೆಟ್ಟಿನ ವಿಷಯ ಓದಿ ನಾನು ನಗಲಿಲ್ಲ ಎಂದು ಬರೆದರೆ ಸುಳ್ಳಾಗುತ್ತದೆ.

ರಜೆ ಹಾಕಿ ಇಲ್ಲಿಯ ಆಸ್ಪತ್ರೆಗೆ ಹೋಗಿದ್ದೆ. ಇಂಥ ಮಷೀನುಗಳನ್ನು ಹೊಂದಿಸಿಕೊಡುವ ಒಬ್ಬಾಕೆ ಅಲ್ಲಿದ್ದಾರೆ. ನಾನು ಬಾಯಿ ತೆರೆಯುವ ಮೊದಲೇ ನನ್ನನ್ನು ಕೂರಿಸಿ, ಮೂಗಿನ ಅಳತೆ ತೆಗೆದು, ಮಾಸ್ಕ್ ಹಾಕಿ, ಗಾಳಿ ಬಿಟ್ಟುಬಿಟ್ಟರು. "ನನಗಲ್ಲ, ನಮ್ಮ ಭಾವನಿಗೆ" ಎಂದರೆ, "ಎಲ್ರೂ ಮೊದ್ಲು ಹಂಗೇ ಹೇಳೋದು, ನಾಚ್ಕೋಬೇಡಿ" ಎಂದರು. ಆ ಗಾಳಿ ಮುಖಕ್ಕೆ ಹೊಡೆದಾಗ ನಿಮ್ಮ ಕಷ್ಟ ಸ್ವಲ್ಪ ಅರ್ಥವಾಯಿತು. ಸ್ವಲ್ಪ ಮಾತ್ರ.

ಆಮೇಲೆ ಎಲ್ಲ ಕೇಳಿದೆ. ಆಕೆಯ ಮೊದಲ ಪ್ರಶ್ನೆ, "ನೀರಿನ ಡಬ್ಬಿ ತುಂಬ್ತಾರಾ?" ಎಂದು. ಮಷೀನಿನ ಪಕ್ಕದಲ್ಲಿ ಒಂದು ಪಾರದರ್ಶಕ ಡಬ್ಬಿ ಇರುತ್ತದಂತೆ. ದಿನಾ ಅದಕ್ಕೆ ಡಿಸ್ಟಿಲ್ಡ್ ವಾಟರ್ ಹಾಕಬೇಕು. ಮಷೀನು ಅದನ್ನು ಬೆಚ್ಚಗೆ ಮಾಡಿ ಗಾಳಿಗೆ ತೇವ ಕೊಡುತ್ತದೆ. ತೇವವಿಲ್ಲದ ಗಾಳಿ ತಳ್ಳಿದರೆ ಯಾರ ಬಾಯಾದರೂ ಒಣಗುತ್ತದೆ, ತೆರೆದ ಬಾಯಂತೂ ಕೇಳುವುದೇ ಬೇಡ.

ಆಗ ನಿಮ್ಮ ಕಾಗದದ ಸಾಲು ನೆನಪಾಯಿತು. ‘ಒಳಗೆ ಒಂದು ಹನಿಯೂ ನಿಲ್ಲದಂತೆ.’ ನನಗೆ ನಿಮ್ಮ ಬುದ್ಧಿ ಗೊತ್ತು. ದಿನಾ ಬೆಳಿಗ್ಗೆ ಕ್ರೇನ್ ಹತ್ತುವ ಮೊದಲು ಬ್ರೇಕಿನ ಗಾಳಿ ಟ್ಯಾಂಕಿನ ತಳದ ನಲ್ಲಿ ತಿರುಗಿಸಿ, ಒಳಗೆ ನಿಂತ ನೀರನ್ನು ಬಸಿದು, ನನ್ನನ್ನು ಕರೆದು ತೋರಿಸುತ್ತಿದ್ದಿರಿ. "ಗಾಳಿ ಲೈನಲ್ಲಿ ನೀರು ನಿಂತ್ರೆ ಬ್ರೇಕ್ ಕೈಕೊಡುತ್ತೆ, ಮರೀಬೇಡ." ಭಾವ, ಇದು ಕ್ರೇನ್ ಅಲ್ಲ. ನೀವು ಆ ಡಬ್ಬಿಗೆ ಇವತ್ತಿನವರೆಗೂ ನೀರು ಹಾಕಿಲ್ಲ. ಹೌದೋ ಅಲ್ಲವೋ?

ಬಾಯಿಗೆ ಟೇಪ್ ಬೇಡವೇ ಬೇಡ ಎಂದರು ಆಕೆ. ಮೂಗು ಕಟ್ಟಿರುವವರು ಬಾಯಿಂದಲ್ಲದೆ ಎಲ್ಲಿಂದ ಉಸಿರಾಡುತ್ತಾರೆ, ಮೊದಲು ಡಾಕ್ಟರಿಗೆ ಮೂಗು ತೋರಿಸಲಿ ಎಂದರು. ಗದ್ದಕ್ಕೆ ಕಟ್ಟಲು ಮೆತ್ತನೆಯ ಬಟ್ಟೆಪಟ್ಟಿ ಸಿಗುತ್ತದಂತೆ. ಅದೂ ಆಗದಿದ್ದರೆ ಮೂಗು, ಬಾಯಿ ಎರಡನ್ನೂ ಮುಚ್ಚುವ ದೊಡ್ಡ ಮಾಸ್ಕ್ ಇದೆ. ಯಾವುದು ಬೇಕೆಂದು ನಿಮ್ಮ ಡಾಕ್ಟರಮ್ಮ ಹೇಳಬೇಕು. ಹೋಗಿ ಕೇಳಿ. ಕೇಳಿದರೆ ನಿಮ್ಮ ಮರ್ಯಾದೆ ಕರಗಿಹೋಗುವುದಿಲ್ಲ.

ಇದನ್ನೆಲ್ಲ ಅಕ್ಕನಿಗಾಗಿ ಮಾಡಿದೆ.

ಇಂತಿ,
ಸಿಳ್ಳೆ

ಮಾರ್ಚ್ 26

ನೀರಿನ ಪಂಡಿತನಿಗೆ,

ಊರಿನವರೆದುರು ನನ್ನ ಬಾಯಿಯ ವಿಷಯ ಹರಡಿ ಬಂದಿದ್ದಕ್ಕೆ ಧನ್ಯವಾದ. ಇನ್ನು ಉಳಿದಿರುವುದು ನನ್ನ ಹಲ್ಲು ಮಾತ್ರ, ಅದನ್ನೂ ಯಾರಿಗಾದರೂ ವರ್ಣಿಸಿಬಿಡು.

ಡಬ್ಬಿ ಇರುವುದು ನನಗೆ ಗೊತ್ತಿಲ್ಲವೆಂದುಕೊಂಡೆಯಾ? ಮೊದಲ ದಿನ ಅವರು ಹೇಳಿದಂತೆ ನೀರು ಹಾಕಿಯೇ ಮಲಗಿದೆ. ಸ್ವಲ್ಪ ಹೊತ್ತಿಗೆ ಕೊಳವೆಯಲ್ಲಿ ಗೊಳಗೊಳ ಸದ್ದು, ಮೂಗಿಗೆ ತಣ್ಣನೆ ಹನಿ. ಗಾಳಿ ಲೈನಿನಲ್ಲಿ ನೀರು! ನೀನು ಅರ್ಥ ಮಾಡಿಕೊಳ್ಳಲಾರೆ. ಕ್ರೇನಿನವನಿಗೆ ಆ ಸದ್ದು ಕೇಳಿದರೆ ಎದೆ ಧಸಕ್ಕೆನ್ನುತ್ತದೆ. ಎದ್ದು ಕೂತು ಎಲ್ಲ ಬಸಿದು, ಒರೆಸಿ, ಡಬ್ಬಿ ಬೋರಲು ಹಾಕಿಟ್ಟೆ. ಅಂದಿನಿಂದ ಒಣಗಾಳಿಯಲ್ಲೇ ನಡೆಸುತ್ತಿದ್ದೇನೆ. ಹೌದು. ಹೌದು ಎಂದು ಬರೆದಿದ್ದೇನೆ, ಫ್ರೇಮ್ ಹಾಕಿಸಿ ಗೋಡೆಗೆ ತೂಗುಹಾಕಿಕೋ.

ನಿನ್ನ ಅಕ್ಕ ನಿನ್ನ ಕಾಗದ ಓದಿ ನನ್ನನ್ನು ಬರಲೊಲ್ಲದ ಕುರಿಯಂತೆ ಕೈಹಿಡಿದು ಎಳೆದುಕೊಂಡು ಹೋಗಿ ಡಾಕ್ಟರಮ್ಮನ ಮುಂದೆ ನಿಲ್ಲಿಸಿದಳು. ಆಯಮ್ಮ ಏನೂ ಬೈಯಲಿಲ್ಲ. ಕೋಣೆಯ ತಣ್ಣನೆ ಗಾಳಿಗೆ ಕೊಳವೆಯೊಳಗೆ ತೇವ ನೀರಾಗುತ್ತದೆ, ಕೊಳವೆಗೊಂದು ಬಟ್ಟೆ ಹೊದಿಸಿ, ಮಷೀನನ್ನು ಮಂಚಕ್ಕಿಂತ ಕೆಳಗಿಡಿ, ತೇವ ಸ್ವಲ್ಪ ಕಡಿಮೆ ಮಾಡಿ, ಅಷ್ಟೆ ಎಂದಳು. ಅಷ್ಟೆಯಂತೆ! ಇಷ್ಟು ದಿನ ನಾನು ಅಂಗುಳು ಸುಲಿಸಿಕೊಂಡದ್ದು ಒಂದು ಬಟ್ಟೆತುಂಡಿಗಾಗಿ. ಸಿಟ್ಟು ಯಾರ ಮೇಲೆ ತೀರಿಸಿಕೊಳ್ಳಲಿ? ನೀನು ದೂರದಲ್ಲಿದ್ದೀಯ, ಬಚಾವಾದೆ.

ಮೂಗಿಗೆ ಉಪ್ಪುನೀರಿನ ಔಷಧಿ ಕೊಟ್ಟಿದ್ದಾಳೆ, ಗದ್ದಕ್ಕೆ ಪಟ್ಟಿ ಕೊಟ್ಟಿದ್ದಾಳೆ. ನೋಡೋಣ.

ಆದರೆ ಒಂದು ವಿಷಯ. ಮೂಗು, ಬಾಯಿ, ನೀರು, ಡಬ್ಬಿ ಎಂದು ಇಷ್ಟುದ್ದ ಬರೆದೆ. ನಾನು ಕೇಳಿದ್ದನ್ನು ಮಾತ್ರ ಮೆಲ್ಲನೆ ದಾಟಿಕೊಂಡು ಹೋದೆ. ಸಿಳ್ಳೆ ಯಾಕೆ ಹೊಡೆಯಲಿಲ್ಲ? ಉತ್ತರ ಕೊಡದಿದ್ದರೆ ನಾನು ಅಂದದ್ದೇ ನಿಜವೆಂದು ತಿಳಿಯುತ್ತೇನೆ. ಉದ್ದೇಶವಿತ್ತು ನಿನಗೆ.

ಹೌದು ಎಂದವನು,
ಭಾವ

ಏಪ್ರಿಲ್ 6

ಭಾವ,

ಸಿಳ್ಳೆ ಹೊಡೆದೆ. ಬರಲಿಲ್ಲ.

ತೊಲೆಗಳ ನೆರಳು ನನ್ನ ಕೈಯ ಮೇಲೆ ಬಂದಾಗ ತಲೆ ಎತ್ತಿದೆ. ಮುಷ್ಟಿ ಎತ್ತಿದೆ. ಲೋಡು ಬರುತ್ತಲೇ ಇತ್ತು. ಆ ಕಡೆ ಈ ಕಡೆ ಕಬ್ಬಿಣ, ಹಿಂದೆ ಮರದ ತುಂಡುಗಳು. ಎರಡು ಬೆರಳು ಬಾಯಿಗಿಟ್ಟೆ. ಬಾಯಿಯಲ್ಲಿ ತೇವವೇ ಇರಲಿಲ್ಲ. ಎಲ್ಲಿ ಹೋಯಿತೋ ಗೊತ್ತಿಲ್ಲ, ಒಂದೇ ಏಟಿಗೆ ಇಂಗಿಹೋಗಿತ್ತು. ಬೆರಳು ತುಟಿಗೆ ಅಂಟಿಕೊಂಡಿತು, ನಾಲಿಗೆ ಮಡಚಿಕೊಳ್ಳಲೇ ಇಲ್ಲ. ಊದಿದೆ. ಬರೀ ಗಾಳಿ ಬಂತು. ಮತ್ತೆ ಊದಿದೆ. ಮತ್ತೂ ಗಾಳಿ. "ಭಾವಾ" ಎಂದು ಕೂಗಲು ನೋಡಿದೆ, ಅದೂ ಗಂಟಲಲ್ಲೇ ಉಳಿಯಿತು. ನೀವು ಬಾಯಿ ತೆರೆದುಕೊಂಡು ಮೇಲೆ, ನಾನು ಬಾಯಿ ತೆರೆದುಕೊಂಡು ಕೆಳಗೆ. ಇಬ್ಬರ ಬಾಯಿಂದಲೂ ಸದ್ದಿಲ್ಲ.

ಇದನ್ನು ಆಫೀಸರಿಗೆ ಹೇಳಲಿಲ್ಲ. ಇಡೀ ಯಾರ್ಡಿಗೆ ಸಿಳ್ಳೆ ಎಂದು ಹೆಸರಾದವನಿಗೆ ಹೆದರಿಕೆಯಲ್ಲಿ ಸಿಳ್ಳೆ ಬರಲಿಲ್ಲ ಎಂದು ಹೇಳಲು ನಾಚಿಕೆಯಾಯಿತು. ನೀವು ನನಗೆ ಉದ್ದೇಶವಿತ್ತು ಎಂದಿರಿ. ಅದಕ್ಕಿಂತ ನಾಚಿಕೆಯೇ ವಾಸಿ, ಬರೆದಿದ್ದೇನೆ.

ನಿಮ್ಮ ಬಾಯಿ ಬೆಳಿಗ್ಗೆ ಒಣಗುತ್ತದೆ. ಒಂದು ಲೋಟ ನೀರು ಕುಡಿದರೆ ಸರಿಹೋಗುತ್ತದೆ. ನನಗೆ ಈಗಲೂ ಯಾವುದಾದರೂ ಕ್ರೇನಿನ ನೆರಳು ಮೈಮೇಲೆ ಹಾದರೆ ಬಾಯಿ ಒಣಗುತ್ತದೆ. ಎಷ್ಟು ನೀರು ಕುಡಿದರೂ ಹೋಗುವುದಿಲ್ಲ. ಇಲ್ಲಿ ನಾನು ಕ್ರೇನಿನ ಕೆಳಗೆ ಕೆಲಸ ಮಾಡುತ್ತಿಲ್ಲ. ಕೇಳಿಕೊಂಡು ಗೇಟಿನ ಹತ್ತಿರ ಲಾರಿಗಳನ್ನು ಒಳಗೆ ಬಿಡುವ ಕೆಲಸ ತೆಗೆದುಕೊಂಡಿದ್ದೇನೆ. ಅಕ್ಕನಿಗೆ ಗೊತ್ತಿಲ್ಲ.

ಕುರ್ಚಿ ಕಳೆದುಕೊಂಡವರು ನೀವೊಬ್ಬರೇ ಅಲ್ಲ.

ಟ್ರಯಲ್ಲಿಗೆ ನಾನು ಬರುವುದಿಲ್ಲ. ನಿಮ್ಮ ಲೋಡಿನ ಕೆಳಗೆ ಇನ್ನೊಮ್ಮೆ ನಿಲ್ಲುವುದಿಲ್ಲ. ಮುಂದೆ ಬರೆಯಬೇಡಿ.

ಇಂತಿ,
ನಾನು

ಮೇ 23

ಬರೆಯಬೇಡ ಎಂದವನಿಗೆ,

ನೀನು ಹೇಳಿದ್ದನ್ನು ನಾನು ಯಾವಾಗ ಕೇಳಿದ್ದೇನೆ? ಆದರೂ ಇಷ್ಟು ದಿನ ಸುಮ್ಮನಿದ್ದೆ. ಬರೆಯಲು ಕೂತಾಗಲೆಲ್ಲ ಮೊದಲ ಸಾಲೇ ಬೈಗುಳವಾಗುತ್ತಿತ್ತು, ಎರಡನೆಯ ಸಾಲು ಹೊಳೆಯುತ್ತಿರಲಿಲ್ಲ.

ಮೊದಲು ನನ್ನ ಸುದ್ದಿ. ನಿನ್ನ ಅಕ್ಕ ತನ್ನ ಹಳೆಯ ಸ್ವೆಟರಿನ ತೋಳು ಕತ್ತರಿಸಿ ಕೊಳವೆಗೆ ಅಂಗಿ ಹೊಲಿದಿದ್ದಾಳೆ. ಗೊಳಗೊಳ ನಿಂತಿದೆ. ಡಬ್ಬಿ ತುಂಬುತ್ತೇನೆ, ಮೂಗು ತೊಳೆಯುತ್ತೇನೆ, ಗದ್ದಕ್ಕೆ ಪಟ್ಟಿ ಕಟ್ಟುತ್ತೇನೆ. ಬಾಯಿ ಈಗ ಬಾಯಿಯಂತಿದೆ. ನಿದ್ದೆ ಎಂದರೆ ಏನೆಂದು ಈ ವಯಸ್ಸಿನಲ್ಲಿ ಗೊತ್ತಾಯಿತು. ಕಿಂಡಿಯಲ್ಲಿ ಕೂತರೂ ತೂಕಡಿಕೆ ಇಲ್ಲ. ಡಾಕ್ಟರಮ್ಮ ಮಷೀನಿನ ಚಾಡಿಯನ್ನೆಲ್ಲ ಓದಿ ಸರಿ ಎಂದಳು. ಉಳಿದಿರುವುದು ಟ್ರಯಲ್ ಒಂದೇ.

ಈಗ ನಿನ್ನ ವಿಷಯಕ್ಕೆ ಬರುತ್ತೇನೆ. ನಿನ್ನ ಕಾಗದ ಓದಿ ನಾನು ಸುಳ್ಳು ಎಂದೆ. ನಿನ್ನ ಅಕ್ಕನ ಎದುರೇ ಎಂದೆ. ಬಾಯಿ ಒಣಗಿದರೆ ಸಿಳ್ಳೆ ಬರುವುದಿಲ್ಲವಂತೆ, ಕತೆ ಕಟ್ಟುತ್ತಾನೆ ಎಂದೆ. ಅವಳು ಎದ್ದುಹೋದಳು. ಆ ಕಾಗದ ಮಾತ್ರ ಬಿಡಲಿಲ್ಲ, ಎದೆಯಲ್ಲಿ ಮುಳ್ಳಾಡಿದ ಹಾಗೆ ಆಡುತ್ತಲೇ ಇತ್ತು. ಕೊನೆಗೆ ಮೊನ್ನೆ ಡಬ್ಬಿ ಖಾಲಿ ಮಾಡಿ, ಪಟ್ಟಿ ಬಿಚ್ಚಿಟ್ಟು, ಹಿಂದಿನಂತೆ ಒಣಗಾಳಿಯಲ್ಲಿ ಮಲಗಿದೆ. ಬೆಳಿಗ್ಗೆ ನಾಲಿಗೆ ಅಂಗುಳಿಗೆ ಅಂಟಿತ್ತು. ನೀರು ಮುಟ್ಟಲಿಲ್ಲ. ಹಿತ್ತಲಿಗೆ ಹೋಗಿ ನಿಂತು, ನಿನಗೆ ಕಲಿಸಿದ ಹಾಗೇ ಎರಡು ಬೆರಳು ನಾಲಿಗೆಯ ಕೆಳಗಿಟ್ಟೆ.

ಪುಸ್ ಅಂತು.

ಮತ್ತೆ ಊದಿದೆ. ಬೆರಳು ತುಟಿಗೆ ಅಂಟಿಕೊಂಡಿತು. ನಾಲಿಗೆ ಮರದ ತುಂಡು. ಮತ್ತೆ ಊದಿದೆ, ತಲೆ ಸುತ್ತುವವರೆಗೂ ಊದಿದೆ. ಗಾಳಿ, ಬರೀ ಗಾಳಿ. ಪಕ್ಕದ ಮನೆಯಾಕೆ ಬಟ್ಟೆ ಹರವುತ್ತಿದ್ದವಳು ತಿರುಗಿಯೂ ನೋಡಲಿಲ್ಲ. ನನ್ನ ತಲೆಯ ಮೇಲೆ ಆಕಾಶ ಬಿಟ್ಟು ಏನೂ ಇರಲಿಲ್ಲ, ಆದರೂ ಕತ್ತೆತ್ತಿ ಮೇಲೆ ನೋಡಿದೆ. ನಿನ್ನ ತಲೆಯ ಮೇಲೆ ಏನಿತ್ತು ಎಂದು ನಾನು ಮೊದಲ ಸಲ ಕೆಳಗಿನಿಂದ ನೋಡಿದೆ. ಕಣ್ಣು ಒಂದು ಕ್ಷಣ ಮುಚ್ಚಿತ್ತು ಎಂದು ಇನ್ನು ಮುಂದೆ ಯಾರಿಗೂ ಹೇಳುವುದಿಲ್ಲ.

ಆಮೇಲೆ ಒಂದು ಚೊಂಬು ನೀರು ಕುಡಿದು ಹೊಡೆದೆ. ಬೀದಿಯ ನಾಯಿಗಳೆಲ್ಲ ಎದ್ದವು. ನಿನ್ನ ಅಕ್ಕ ಒಳಗಿನಿಂದ ಓಡಿಬಂದು, "ಅವನು ಬಂದ್ನಾ?" ಎಂದಳು.

ಇದರ ಜೊತೆ ಒಂದು ಪೊಟ್ಟಣ ಕಳಿಸಿದ್ದೇನೆ. ಕೈಯಲ್ಲಿ ಹಿಡಿಯುವ ಹಾರ್ನ್. ಸ್ಟೋರಿನ ಕಪಾಟಿನ ಹಿಂದೆ ಬಿದ್ದಿದ್ದವು, ಯಾರೂ ಕೇಳಿದವರಿಲ್ಲ. ಕಿಂಡಿಯ ಹಿಂದೆ ಕೂತವನಿಗೆ ಮಾತ್ರ ಕಾಣುವ ವಸ್ತು. ಗುಂಡಿ ಒತ್ತಿದರೆ ಸತ್ತವರೂ ಏಳುತ್ತಾರೆ. ಆಫೀಸರಿಗೆ ಹೇಳಿದ್ದೇನೆ, ಕ್ರೇನಿನ ಕೆಳಗೆ ನಿಲ್ಲುವ ಪ್ರತಿಯೊಬ್ಬನ ಸೊಂಟದಲ್ಲೂ ಇದಿರಬೇಕೆಂದು. ಯಾಕೆಂದು ಕೇಳಿದ. ಜನರ ಬಾಯಿಯನ್ನು ನಂಬಬಾರದು ಎಂದೆ.

ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ನೀನು ಬರದಿದ್ದರೆ ಕಿಂಡಿಯಲ್ಲೇ ಕೂತಿರುತ್ತೇನೆ, ನನಗೇನೂ ನಷ್ಟವಿಲ್ಲ. ಆ ಗೇಟಿನ ಹತ್ತಿರ ಲಾರಿಗಳಿಗೆ ಸಲಾಮು ಹೊಡೆಯುತ್ತ ನೀನು ಮುದುಕನಾಗು. ಹಾರ್ನನ್ನಾದರೂ ಇಟ್ಟುಕೋ, ಕತ್ತೆ.

ಭಾವ

ಜೂನ್ 2

ಭಾವ,

ಹಾರ್ನ್ ಬಂತು. ರೂಮಿನಲ್ಲಿ ಒಂದು ಸಲ ಒತ್ತಿದೆ, ಮನೆಯ ಮಾಲೀಕ ಬಂದು ರೂಮು ಖಾಲಿ ಮಾಡು ಎಂದಿದ್ದಾನೆ. ನಿಮ್ಮಿಂದ ನನಗೆ ಇನ್ನೂ ಏನೇನು ಆಗಬೇಕಿದೆಯೋ.

ಕತ್ತೆ ಎಂದು ಬರೆದಿದ್ದೀರಿ. ಆವತ್ತೂ ಅದನ್ನೇ ಅಂದಿದ್ದಿರಿ. ನಿಮ್ಮ ಮೇಲಿನ ಸಿಟ್ಟು ಹೋಗಿದೆ ಎಂದು ತಿಳಿಯಬೇಡಿ, ಹೋಗಿಲ್ಲ. ಅಕ್ಕನಿಗೂ ಹೇಳಿ, ಹೋಗಿಲ್ಲ ಎಂದು. ಗೇಟಿನ ಕೆಲಸದ ವಿಷಯ ಅವಳಿಗೆ ಹೇಳಿರುವುದೂ ನೀವೇ ಇರಬೇಕು. ನಿನ್ನೆ ಫೋನ್ ಮಾಡಿ ಅತ್ತಳು.

ಟ್ರಯಲ್ಲಿಗೆ ಬರುತ್ತೇನೆಂದು ಆಫೀಸರಿಗೆ ತಿಳಿಸಿದ್ದೇನೆ, ಸೋಮವಾರ ಇಟ್ಟಿದ್ದಾರೆ. ಕೆಲವು ಮಾತು ಈಗಲೇ ಹೇಳಿಬಿಡುತ್ತೇನೆ, ಅಲ್ಲಿ ಬಂದು ನಿಮ್ಮೊಂದಿಗೆ ಮಾತಾಡುವ ಆಸೆ ನನಗಿಲ್ಲ. ಸಂದಿಗೆ ನುಗ್ಗುವುದಿಲ್ಲ. ಹಾರ್ನ್ ಕೈಯಲ್ಲೇ ಇರುತ್ತದೆ. ಹಿಂದಿನ ದಿನ ಡಬ್ಬಿ ತುಂಬಿ ಮಲಗಿ. ಅಕ್ಕನನ್ನು ಕೇಳಿ ಖಚಿತಪಡಿಸಿಕೊಂಡೇ ಯಾರ್ಡಿನೊಳಗೆ ಕಾಲಿಡುತ್ತೇನೆ.

ಇನ್ನೊಂದು. ನೀವು ಮೇಲೆ ಹತ್ತಿ ಕೂತ ಮೇಲೆ ಲಿವರ್ ಮುಟ್ಟುವ ಮೊದಲು ಕೆಳಗೆ ನನ್ನನ್ನು ನೋಡಿ. ಕ್ರೇನಿನ ಕೆಳಗೆ ನಿಂತು ನಾನು ಎರಡು ಬೆರಳು ಬಾಯಿಗಿಡುತ್ತೇನೆ. ಸಿಳ್ಳೆ ಕೇಳಿಸಿದರೆ ಎತ್ತಿ. ಕೇಳಿಸದಿದ್ದರೆ, ನನ್ನ ಹೆದರಿಕೆ ಇನ್ನೂ ಹೋಗಿಲ್ಲವೆಂದು ತಿಳಿದು, ಯಾರಿಗೂ ಏನೂ ಹೇಳದೆ ಇಳಿದು ಬನ್ನಿ.

ಸಿಳ್ಳೆ